ಎಡಕ್ಕೆ ಮೂರು ಹಲ್ಲು

ಎಂಜಿನ್ನಿನ ಪಟ್ಟಾ ಮತ್ತೆ ಸಡಿಲ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿರುವಿದರೆ ಕಾಲು ಸುತ್ತಿಗೆ ನಿಲ್ಲಬೇಕಾದದ್ದು ಅರ್ಧ ಸುತ್ತಿಗೂ ಸಲೀಸಾಗಿ ಹೊರಳುತ್ತದೆ, ಮುದಿ ಎತ್ತಿನ ಗಂಗೆದೊಗಲಿನ ಹಾಗೆ ಜೋಲುತ್ತದೆ, ನಿನ್ನೆ ಸಂಜೆ ಇವೇ ಬೆರಳು ಇದೇ ಪಟ್ಟಾ ಹಿಡಿದು ಬಿಗಿ ಬಂತು ಎಂದಿದ್ದವಲ್ಲ, ಮೈಲಾರಲಿಂಗನ ಹೆಸರು ಹೇಳಿ ಬೋಲ್ಟು ಬಿಗಿದು ಮುಚ್ಚಳ ಹಾಕಿದ್ದೂ ಆಯಿತಲ್ಲ, ಹಾಗಾದರೆ ಬೆರಳು ಸುಳ್ಳು ಹೇಳಿದವೆ – ಧೂಳಪ್ಪ ಕೈಯನ್ನು ಎಂಜಿನ್ನಿನ ಸಂದಿಯಿಂದ ಹೊರಗೆಳೆದು ಬಿಸಿಲಿಗೆ ಹಿಡಿದ, ಉಗುರಿನ ಬುಡದಲ್ಲಿ ಕರಿ ಗ್ರೀಸು, ಸೋಲಾಪುರದ ಗಿರಣಿಯಲ್ಲಿ ಆಯುಷ್ಯವೆಲ್ಲ ಮಗ್ಗದ ಪಟ್ಟಾ ಹಿಡಿದು ನೋಡಿದ ಕೈ, ಇದಕ್ಕೆ ಈಗ ಎರಡು ಬೆರಳಗಲದ ರಬ್ಬರು ತಿಳಿಯದೆ ಹೋಯಿತೆ. ಅಂಗಳದಲ್ಲಿ ಅವಿನಾಶನ ಕಾರು ಬಾಯಿ ತೆರೆದು ನಿಂತಿದೆ, ಮುಂದಿನ ಒಂದು ಗಾಲಿ ಬಿಚ್ಚಿ ಗೋಡೆಗೆ ಒರಗಿಸಿದ್ದು, ಆ ಮೂಲೆಗೆ ಜ್ಯಾಕು, ಜ್ಯಾಕಿನ ಪಕ್ಕಕ್ಕೆ ಕಲ್ಲು, ಗೋಡೆಯ ಆಚೆ ಅಕ್ಕಲಕೋಟ ರಸ್ತೆಯ ಲಾರಿಗಳು, ಅವಿನಾಶನ ಕಾರು, ಮಗನ ಕಾರು – ಮಗನಿಲ್ಲ, ಶ್ರಾವಣ ಮುಗಿಯುವ ಮೊದಲೇ ಹೋದ, ಚಿಂಚೋಳಿ ಎಂಐಡಿಸಿಯ, ಆ ಕಾರ್ಖಾನೆಗಳ ವಸಾಹತಿನ, ಗೋದಾಮಿನಲ್ಲಿ ನಿಂತಲ್ಲೇ ಎದೆ ಹಿಡಿದುಕೊಂಡು ಕುಸಿದ, ನೀರು ಕೊಡ್ರಿ ಅಂದನಂತೆ, ನೀರು ತರುವಷ್ಟರಲ್ಲಿ – ಅದು ಬೇಡ, ಅದು ಈಗ ಬೇಡ, ಈಗ ಪಟ್ಟಾ.

ನಾಳೆ ಮುಂಜಾನೆ ಸೊಸೆ ಮನೀಷಾ ಈ ಕಾರಿನಲ್ಲಿ ಅಕ್ಕಲಕೋಟಕ್ಕೆ ಹೋಗಬೇಕು, ಅಲ್ಲಿಯ ದವಾಖಾನೆಯಲ್ಲಿ ನರ್ಸು, ಗಂಡ ಸತ್ತದ್ದಕ್ಕೆ ಕೊಟ್ಟ ರಜೆ ಎಷ್ಟು ದಿನ ನಡೆದೀತು, ಬಸ್ಸಿಗೆ ಹೋಗು ಎಂದರೆ ಸಂಜೆಯ ಪಾಳಿ ಬಿಟ್ಟ ಹೊತ್ತಿಗೆ ಬಸ್ಸಿಲ್ಲ, ಮೊದಲಿಂದಲೂ ಕಾರಿನಲ್ಲೇ ಹೋಗುತ್ತಿದ್ದಳು, ಅವಿನಾಶನೇ ಭಂಡಾರಕವಠೆಯ ಹೊಲದ ದಾರಿಯಲ್ಲಿ ಹೊಡೆಯಲಿಕ್ಕೆ ಕಲಿಸಿದ್ದ, ಕುರಿಗಳೆಲ್ಲ ಆಕಿಗಿ ದಾರಿ ಬಿಡ್ತಾವಪಾ, ನನಗ ಬಿಡೂದಿಲ್ಲ ಅಂತ ನಗುತ್ತಿದ್ದ. ನಿನ್ನೆ ಪಟ್ಟಾ ಬಿಗಿದ ಮೇಲೆ ಆಕೆ ಊರಂಚಿನ ನಾಕಾದವರೆಗೆ ಹೋಗಿ ಹಾಗೇ ತಿರುಗಿ ಬಂದಳು, ಮುಖ ಬಿಳುಚಿಕೊಂಡಿತ್ತು, ಮಾವಾರ, ಒಳಗ ಏನೋ ಪಟಪಟ ಬಡಿಯಾಕತ್ತದ್ರಿ. ಈ ಪಟ್ಟಾ ಬರೀ ಪಟ್ಟಾ ಅಲ್ಲ, ಒಳಮೈಗೆ ಹಲ್ಲುಗಳಿರುವಂಥದು, ಎಂಜಿನ್ನಿನ ಕೆಳಗಿನ ಚಕ್ರವನ್ನೂ ಮೇಲಿನ ಚಕ್ರವನ್ನೂ ಒಂದೇ ತಾಳಕ್ಕೆ ಕಟ್ಟಿ ಹಿಡಿಯುವಂಥದು, ಸಡಿಲಾದರೆ ಹಲ್ಲು ಜಾರುತ್ತದೆ, ಹಲ್ಲು ಜಾರಿದರೆ ಒಳಗೆ ಪಿಸ್ಟನ್ನು ಹೋಗಿ ವಾಲ್ವಿಗೆ ಬಡಿಯುತ್ತದೆ, ಓಡುವ ಎಂಜಿನ್ನು ನಡುರಸ್ತೆಯಲ್ಲಿ ನಿಂತಲ್ಲೇ ನಿಲ್ಲುತ್ತದೆ, ಹಿಂದೆ ಕಬ್ಬು ಹೇರಿದ ಟ್ರ್ಯಾಕ್ಟರು, ಅದರ ಹಿಂದೆ ಲಾರಿ, ಒಳಗೆ ಮನೀಷಾ – ನಿಂತಲ್ಲೇ, ನಿಂತಲ್ಲೇ ನಿಲ್ಲುವುದನ್ನು ಈ ಮನೆ ಒಂದು ಸಲ ಕಂಡಿದೆ. ಗ್ಯಾರೇಜಿನ ಮೇಸ್ತ್ರಿಯ ಕಡೀ ಒಯ್ಯೂಣು ಸುಮ್ನ ಅಂತ ಹೆಂಡತಿ ಸುಗಲಾಬಾಯಿ ಮುಂಜಾನೆಯಿಂದ ಹೇಳಿ ಸಾಕಾಗಿ ಈಗ ಕಟ್ಟೆಯ ಮೇಲೆ ಮೊರದ ಮುಂದೆ ಕೂತು ಜೋಳ ಹಸನ ಮಾಡುತ್ತಿದ್ದಾಳೆ, ಮೊರ ಕೊಡವಿದಾಗೊಮ್ಮೆ ಹೊಟ್ಟು ಹಾರಿ ಬಿಸಿಲಿನಲ್ಲಿ ಮಿಂಚುತ್ತದೆ, ಆಕೆ ಅತ್ತು ಮುಗಿಸಿದ್ದಾಳೆ, ಇಲ್ಲ, ಮುಗಿಸಿಲ್ಲ, ಕೆಲಸದ ಒಳಗೆ ಇಟ್ಟುಕೊಂಡಿದ್ದಾಳೆ.

ಮೇಸ್ತ್ರಿಯ ಕಡೆ ಯಾಕೆ ಒಯ್ಯಲಿ, ಅವಿನಾಶ ಬದುಕಿರುವಷ್ಟು ಕಾಲ ಈ ಎಂಜಿನ್ನಿಗೆ ಹೊರಗಿನ ಕೈ ಹತ್ತಿಸಿದವನಲ್ಲ, ಈ ಅಂಗಳದಲ್ಲೇ ಹಳೆಯ ಗೋಣಿ ಹಾಸಿ, ಮನೀಷಾಳ ಕೈಗೆ ಬ್ಯಾಟರಿ ದೀಪ ಕೊಟ್ಟು ತಾನೇ ಮಾಡಿಕೊಳ್ಳುತ್ತಿದ್ದ, ಪಟ್ಟಾ ನೋಡುವ ಬಗೆ ಅವನಿಗೆ ಕಲಿಸಿದವರು ಯಾರು, ಹಳೆಯ ವ್ಯಾನಿನ ಮೇಲೆ ಇವೇ ಬೆರಳು ಅವನ ಬೆರಳು ಹಿಡಿದು, ಹಿಂಗ ಹಿಡಿ, ಹಿಂಗ ತಿರುವು, ಕಾಲು ಸುತ್ತಿಗಿ ನಿಂತರ ಬರೋಬರ, ನಿಲ್ಲದಿದ್ರ ಸಡಿಲ, ಮುಂಚೇನ ನಿಂತರ ಅತೀ ಬಿಗಿ, ಅತೀ ಬಿಗಿನೂ ಪಟ್ಟಾಕ್ಕ ಛಲೋ ಅಲ್ಲ ಮಗಾ, ಮನಷ್ಯಾಗೂ ಛಲೋ ಅಲ್ಲ. ಕಲಿತ, ಕಲಿತು ಈ ಜಪಾನಿ ಕಾರು ತಂದ, ಹಳೆಯದೇ, ಯಾರೋ ಡಾಕ್ಟರು ಹೊಡೆದು ಬಿಟ್ಟದ್ದು, ತಂದ ದಿವಸ ಬಾನೆಟ್ಟಿಗೆ ಮೈಲಾರಲಿಂಗನ ಅರಿಸಿನದ ಭಂಡಾರ ಹಚ್ಚಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು, ಏಳುಕೋಟಿ ಏಳುಕೋಟಿ ಅಂತ ಕೂಗಿ ಕಾಯಿ ಒಡೆದದ್ದು ಈ ಕೈಯೇ, ಆದರೆ ಅವತ್ತಿನಿಂದ ಮುಂದೆ ಒಂದು ದಿನವೂ ಈ ಎಂಜಿನ್ನನ್ನು ಮುಟ್ಟಗೊಟ್ಟಿಲ್ಲ, ಅಪ್ಪಾ, ನೀ ಕೂಡು, ಅಪ್ಪಾ, ನಿನ್ನ ಕಣ್ಣಾಗ ಪೊರೆ ಬಂದದ, ಅಪ್ಪಾ, ಚಹಾ ಕುಡಿ ಹೋಗು, ಹತ್ತಿರ ಹೋದರೆ ಬೆನ್ನು ಅಡ್ಡ ತರುತ್ತಿದ್ದ, ಆ ಅಗಲವಾದ ಬೆನ್ನು, ಬೆವರಿನಿಂದ ಅಂಗಿ ಅಂಟಿದ ಬೆನ್ನು, ಆ ಬೆನ್ನಿನ ಹಿಂದೆ ನಿಂತು ಎಷ್ಟು ಸಲ ಒಳಗೊಳಗೇ ಕುದ್ದದ್ದು, ಮುದುಕನ ಕೈ ಇವನಿಗೆ ಸಾಕಾಯಿತು, ಗಿರಣಿ ಮುಚ್ಚಿತು, ಕೈಯೂ ಮುಚ್ಚಿತು ಎಂದು ತಿಳಿದಿದ್ದಾನೆ. ತೋರಿಸುತ್ತೇನೆ ಎಂದುಕೊಂಡೇ ನಿನ್ನೆ ಬೋಲ್ಟು ತಿರುವುವ ಪಾನಾ ಹಿಡಿದದ್ದು – ಯಾರಿಗೆ ತೋರಿಸುವುದು, ನೋಡುವವನು ಭೀಮೆಯ ದಂಡೆಯಲ್ಲಿ ಬೂದಿಯಾಗಿ ಹೊಳೆಗೆ ಹೋಗಿದ್ದಾನೆ.

ಮತ್ತೊಮ್ಮೆ, ಮೊದಲಿಂದ, ತಪ್ಪು ಎಲ್ಲಿದೆ ನೋಡೋಣ. ಪ್ಲಗ್ಗು ಬಿಚ್ಚಿದೆ, ಎಂಜಿನ್ನು ಹಗುರಾಗಿದೆ, ಪಟ್ಟಾಕ್ಕೆ ಒರಗಿ ನಿಲ್ಲುವ ಸಣ್ಣ ಗಾಲಿ ಇದೆಯಲ್ಲ, ಬಿಗಿ ಕೊಡುವ ಗಾಲಿ, ಅದರ ಬೋಲ್ಟು ಸಡಿಲ ಮಾಡಿದರೆ ಸ್ಪ್ರಿಂಗು ತಾನೇ ಅದನ್ನು ಪಟ್ಟಾಕ್ಕೆ ಒತ್ತುತ್ತದೆ, ಆಗ ಕೆಳಗಿನ ದೊಡ್ಡ ಚಕ್ರದ ಬೋಲ್ಟಿಗೆ ಪಾನಾ ಹಾಕಿ ಎರಡು ಸುತ್ತು ತಿರುಗಿಸಬೇಕು, ಬಲಕ್ಕೆ, ಬಲಕ್ಕೇ, ಗುಡಿ ಸುತ್ತಿದ ಹಾಗೆ, ಹಿಂದಕ್ಕೆ ಬರಬಾರದು, ಸುತ್ತಿ ಆದ ಮೇಲೆ ಸಣ್ಣ ಗಾಲಿಯ ಬೋಲ್ಟು ಬಿಗಿಯಬೇಕು. ವ್ಯಾನಿನಲ್ಲಿ ಹೀಗೇ ಮಾಡಿದ್ದು, ಊರಿನ ಹಿಟ್ಟಿನ ಗಿರಣಿಯ ಎಂಜಿನ್ನಿನಲ್ಲಿ ಹೀಗೇ, ಕೈ ಹೊಡೆದು ಚಾಲೂ ಮಾಡುವ ಹಳೆಯ ನೀರಿನ ಎಂಜಿನ್ನಿನಲ್ಲಿ ಹೀಗೇ, ಬಲಕ್ಕೆ ತಿರುಗುವುದು ಲೋಕದ ರೀತಿ, ಬೀರೋಬಾನ ಗುಡಿಯನ್ನು ಬಲಕ್ಕೆ ಸುತ್ತುತ್ತೇವೆ, ಮದುವೆಯ ಅಗ್ನಿಯನ್ನು ಬಲಕ್ಕೆ, ಅಕ್ಕಲಕೋಟದ ಗುಡಿಯ ವಟವೃಕ್ಷವನ್ನು ಬಲಕ್ಕೆ, ಪ್ರತಿ ಗುರುವಾರ ಇದೇ ಕಾರಿನಲ್ಲಿ ಅವಿನಾಶ ಕರೆದೊಯ್ಯುತ್ತಿದ್ದ, ತಾನು ಹೊರಗೆ ನಿಂತು ಚಹಾ ಕುಡಿಯುತ್ತ, ಸುತ್ತಿ ಬಾ ಅಪ್ಪಾ, ನನ್ನ ಪಾಲಿಂದೂ ಒಂದೆರಡು ಸುತ್ತು ಹಾಕು ಅನ್ನುತ್ತಿದ್ದ. ಈಗ ಹೋದರೆ ಸುತ್ತಲಿಕ್ಕೆ ಆಗುವುದಿಲ್ಲ, ಹೋದ ಗುರುವಾರ ಧೂಳಪ್ಪ ಒಬ್ಬನೇ ಬಸ್ಸಿನಲ್ಲಿ ಹೋಗಿದ್ದ, ಮರದ ಎದುರು ನಿಂತ, ಜನ ಹಾಯುತ್ತಿದ್ದರು, ಕಾಲು ಏಳಲಿಲ್ಲ, ಯಾವ ಕಡೆ ಹೊರಡಬೇಕು ಎಂಬುದೇ ಕಾಲಿಗೆ ಮರೆತಿತ್ತು, ಅಜ್ಜಾ ಬಾಜೂಕ ಸರೀರಿ ಅಂದರು, ಸರಿದು ನಿಂತು ಹಾಗೇ ಬಂದ. ಯಾಕೆಂದರೆ ಆ ಕಾಲು ಒಮ್ಮೆ –

ಒಮ್ಮೆ, ಹೊಳೆಯ ದಂಡೆಯಲ್ಲಿ, ಕಟ್ಟಿಗೆಯ ಮೇಲೆ ಮಗ, ಹೆಗಲ ಮೇಲೆ ಮಣ್ಣಿನ ಕೊಡ. ಮಗನಿಗೆ ಗಂಡುಮಗನಿಲ್ಲ, ಮಕ್ಕಳೇ ಇಲ್ಲ, ಕೊಡ ಯಾರು ಹೊರಬೇಕು ಎಂದು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು, ಅಪ್ಪನ ಕೊಡ ಮಗ ಹೊರುವುದು ರೀತಿ, ಮಗನ ಕೊಡ ಅಪ್ಪ ಹೊರುವುದು ಯಾವ ರೀತಿ, ನಾ ಹೊರ್ತೀನಿ ಅಂದದ್ದು ಯಾರ ಬಾಯಿ, ತನ್ನದೇ ಬಾಯಿ, ಎತ್ತಿ ಹೆಗಲಿಗೆ ಇಟ್ಟರು, ತಣ್ಣಗಿತ್ತು, ತುಂಬಿದ ಕೊಡ, ಹೆಜ್ಜೆ ಇಟ್ಟ, ಬಲಕ್ಕೆ ಇಟ್ಟ, ಆಯುಷ್ಯದ ರೂಢಿ, ಸುತ್ತಬೇಕು ಎಂದರೆ ಕಾಲಿಗೆ ಗೊತ್ತಿದ್ದದ್ದು ಅದೊಂದೇ ದಾರಿ, ದೇವರನ್ನು ಸುತ್ತುವ ದಾರಿ, ಆಗ ಹಿಂದಿನಿಂದ ತಮ್ಮ ರೇವಣ್ಣ ಭುಜ ಹಿಡಿದ, ಕಲ್ಲು ಹಿಡಿದ ಕೈಯಿಂದಲೇ ಹಿಡಿದ, ಮೆಲ್ಲಗೆ ತಿರುವಿದ, ಎಡಕ್ಕ, ಅಣ್ಣಾ, ಎಡಕ್ಕ. ಎಡಕ್ಕೆ. ಸುಡುಗಾಡಿನ ಸುತ್ತು ಎಡಕ್ಕೆ. ಮೊದಲ ಸುತ್ತು ಮುಗಿದಾಗ ರೇವಣ್ಣ ಕೊಡಕ್ಕೆ ಕಲ್ಲಿನಿಂದ ಬಡಿದ, ಟಣ್ ಎನ್ನಲಿಲ್ಲ, ಮಣ್ಣು, ಟಪ್ ಎಂದಿತು, ತೂತು ಬಿತ್ತು, ನೀರಿನ ಎಳೆ ಹೊರಗೆ ಬಂದು ಬೆನ್ನ ಮೇಲೆ ಇಳಿಯಿತು, ಅಷ್ಟು ಬಿಸಿಲಿನಲ್ಲಿ ಅಷ್ಟು ತಣ್ಣಗೆ – ಬೇಡ. ಪಾನಾ. ಪಾನಾ ಬಲಕ್ಕೆ.

ಬಲಕ್ಕೆ ಎಳೆಯುತ್ತಾನೆ, ಚಕ್ರ ತಿರುಗುತ್ತದೆ, ಮೇಲಿನ ಚಕ್ರವೂ ನಿಧಾನಕ್ಕೆ ಜೊತೆಗೂಡುತ್ತದೆ, ಏಳುಕೋಟಿ, ಏಳುಕೋಟಿ, ನಾಲಗೆ ತಾನೇ ಹೇಳುತ್ತದೆ, ಎರಡು ಸುತ್ತು, ಗುರುತು ಗುರುತಿಗೆ ಕೂಡುತ್ತದೆ, ಬೋಲ್ಟು ಬಿಗಿಯುತ್ತಾನೆ, ಪಟ್ಟಾ ಹಿಡಿದು ನೋಡುತ್ತಾನೆ, ಬಿಗಿ, ಬರೋಬರ ಬಿಗಿ, ಬೆರಳು ಸುಳ್ಳು ಹೇಳಿಲ್ಲ, ಆದರೆ ಇದು ನಿನ್ನೆಯ ಬಿಗಿಯೇ ಅಲ್ಲವೆ, ನಿನ್ನೆಯೂ ಹೀಗೇ ಇತ್ತು, ಓಡಿಸಿದ ಕೂಡಲೇ ಸಡಿಲಾಯಿತು, ಹಾಗಾದರೆ ಬಿಗಿ ಎಲ್ಲಿಗೆ ಹೋಗುತ್ತದೆ, ಪಟ್ಟಾದ ಆ ಬದಿಗೆ ಕೈ ಹಾಕಿದ, ಹಿಂದಿನ ಬದಿ, ಕಣ್ಣಿಗೆ ಕಾಣದ ಬದಿ – ಅಲ್ಲಿ ಜೋತು ಬಿದ್ದಿದೆ. ಸಡಿಲೆಲ್ಲ ಅಲ್ಲಿ ಕೂಡಿದೆ. ಒಂದು ಬದಿ ಬಿಗಿ, ಒಂದು ಬದಿ ಸಡಿಲ, ಎಂಜಿನ್ನು ಓಡಿದಾಗ ಸಡಿಲು ಈ ಬದಿಗೆ ಬರುತ್ತದೆ, ಅಂದರೆ ಓಡುವಾಗ ಎಳೆತ – ಓಡುವಾಗ ಎಳೆತ ಆ ಬದಿಯಿಂದ, ಅಂದರೆ – ಗಿರಣಿಯಲ್ಲಿ ಪಟ್ಟಾ ತಿರುವು ಹಾಕಿದರೆ ಮಗ್ಗ ಹಿಂದುಮುಂದು ತಿರುಗಿದ ಹಾಗೆ, ಧೋತರದ ಚುಂಗಿನಿಂದ ಮೇಲಿನ ಚಕ್ರದ ಗ್ರೀಸು ಒರೆಸಿದ, ಉಗುರಿನಿಂದ ಕೆರೆದ, ಪೊರೆ ಬಂದ ಕಣ್ಣು ಹತ್ತಿರ ಹತ್ತಿರ ಒಯ್ದ, ಕಬ್ಬಿಣದಲ್ಲೇ ಎರಕ ಹೊಯ್ದ ಬಾಣ, ಸಣ್ಣದು, ಜೋಳದ ಕಾಳಿನಷ್ಟು, ಅದರ ಮೇಲೆ ಯಾರೋ ಹಳದಿ ಬಣ್ಣದಿಂದ ಮತ್ತೊಮ್ಮೆ ತಿದ್ದಿದ್ದಾರೆ, ಯಾರೋ ಏನು, ಅವಿನಾಶ, ಬಾಗಿಲಿಗೆ ಹಚ್ಚಿ ಉಳಿದ ಹಳದಿ ಬಣ್ಣ ಅವನೇ ತಗಡಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದ. ಬಾಣದ ಮುಖ ಎಡಕ್ಕೆ.

ಎಡಕ್ಕೆ. ಧೂಳಪ್ಪ ಪಾನಾ ಬಿಟ್ಟ, ಅದು ಕಲ್ಲಿನ ಮೇಲೆ ಬಿದ್ದು ಖಣ್ ಎಂದಿತು, ಸುಗಲಾಬಾಯಿಯ ಮೊರ ನಿಂತಿತು, ಏನಾತ್ರಿ ಅಂದಳು, ಈ ಎಂಜಿನ್ನು ಎಡಕ್ಕೆ ತಿರುಗುತ್ತದೆ, ಎಡಕ್ಕೆ, ತಂದ ದಿವಸದಿಂದಲೂ ಎಡಕ್ಕೆ, ಭಂಡಾರ ಹಚ್ಚಿದ ಬಾನೆಟ್ಟಿನ ಕೆಳಗೆ ಎಡಕ್ಕೆ, ಗುರುವಾರ ಗುರುವಾರ ಅಕ್ಕಲಕೋಟಕ್ಕೆ ಹೋಗುವಾಗ ಎಡಕ್ಕೆ, ತಾನು ಹಿಂದೆ ಕೂತು ಜಪ ಮಾಡುತ್ತಿದ್ದಾಗ ಮುಂದೆ ಅದು ಮಿನಿಟಿಗೆ ಸಾವಿರ ಸಾವಿರ ಸಲ ಸುಡುಗಾಡಿನ ಸುತ್ತು ಸುತ್ತುತ್ತಿತ್ತು, ಮಗನನ್ನು ಮುಂದೆ ಕೂಡಿಸಿಕೊಂಡು ಸುತ್ತುತ್ತಿತ್ತು – ಬಂಪರನ್ನು ಹಿಡಿದು ಕೂತ, ಮನೀಷಾ ಓಡಿ ಬಂದಳು, ಮಾವಾರ, ನೀರು ತರ್ಲೇನ್ರಿ, ನೀರು ಬೇಡ, ಬಾಣ ತೋರಿಸಿದ, ಬೆರಳಿನಿಂದ. ಆಕೆ ನೋಡಿದಳು, ಬೆಚ್ಚಿ ಬೀಳಲಿಲ್ಲ, ಅದೇ ಇನ್ನೂ ದೊಡ್ಡ ಪೆಟ್ಟು, ಆಕೆ ಬೆಚ್ಚಿ ಬೀಳಲಿಲ್ಲ, ಸೆರಗಿನ ತುದಿ ಬಾಯಿಗೆ ಹಿಡಿದುಕೊಂಡು ನಿಂತಳು. ನಿನಗ ಗೊತ್ತಿತ್ತು. ಹೌದ್ರಿ ಮಾವಾರ. ನಿನ್ನಿ ನಾ ಬಲಕ್ಕ ತಿರುಗಸೂಮುಂದ ನಿಂತು ನೋಡಿದಿ. ಇಲ್ಲರೀ, ನಾ ಒಳಗ ಅಡಗೀ ಮನ್ಯಾಗ ಇದ್ದೆ, ನೀವು ಕರೀಲೇ ಇಲ್ಲ, ಎಲ್ಲಾ ನಾನ ಮಾಡ್ತೀನಿ ಅಂದ್ರಿ, ಅವರೂ ನಿಮಗ ಹೇಳಬ್ಯಾಡ ಅಂದಿದ್ರು.

ಹೇಳಬ್ಯಾಡ ಅಂದಿದ್ದ. ಆಕೆ ನಿಂತು ನಿಂತು ಹೇಳುತ್ತಾಳೆ, ಅರ್ಧ ಕಣ್ಣೀರು, ಅರ್ಧ ನಗು, ಮೊದಲ ಸಲ ಪಟ್ಟಾ ಬದಲಿಸುವಾಗಲೇ ಅವಿನಾಶನಿಗೆ ತಿಳಿದದ್ದಂತೆ, ಈ ಮಾದರಿಯ ಎಂಜಿನ್ನೇ ಹಾಗಂತೆ, ಆ ಕಂಪನಿಯವರು ಆ ಕಾಲದಲ್ಲಿ ಎಡಕ್ಕೇ ತಿರುಗಿಸುತ್ತಿದ್ದರಂತೆ, ಅದರಲ್ಲಿ ಯಾವ ದೋಷವೂ ಇಲ್ಲವಂತೆ, ತಿಳಿದು ಒಂದು ಗಳಿಗೆ ಗೋಣಿಯ ಮೇಲೆ ಕೂತು ನಕ್ಕನಂತೆ, ಅಪ್ಪಗ ಗೊತ್ತಾದರ ಒಂದೋ ಗಾಡಿ ಮಾರು ಅಂತಾನ, ಇಲ್ಲಾ ಎಂಜಿನ್ನಿಗಿ ಶಾಂತಿ ಮಾಡಸ್ತಾನ, ಎರಡೂ ಆಗದಿದ್ರ ಗುರುವಾರ ಗುಡಿಗಿ ಹೋಗೂದ ಬಿಟ್ಟುಬಿಡ್ತಾನ, ಅದು ಮಾತ್ರ ಆಗಬಾರ್ದು, ನೀ ಸುಮ್ನಿರು. ಅದಕ್ಕೇ ಆ ಬೆನ್ನು. ಅದಕ್ಕೇ ಅಪ್ಪಾ ನೀ ಕೂಡು, ಅದಕ್ಕೇ ಕಣ್ಣಾಗ ಪೊರೆ ಬಂದದ, ಚಹಾ ಕುಡಿ ಹೋಗು, ಬೆನ್ನು ಅಡ್ಡ ತಂದದ್ದು ಮುದುಕನ ಕೈಗಲ್ಲ, ಮುದುಕನ ಕಣ್ಣಿಗೆ, ಎಡಕ್ಕೆ ತಿರುಗುವ ಪಾನಾ ಕಾಣಬಾರದು ಎಂದು, ಇಷ್ಟು ವರ್ಷ ಆ ಬೆನ್ನನ್ನು ಗೋಡೆ ಎಂದು ತಿಳಿದದ್ದು ಗೋಡೆಯಲ್ಲ, ಕೊಡೆ, ಬಿಸಿಲಿಗೆ ಹಿಡಿದ ಕೊಡೆ – ಅವನಿಗೆ ಬೈದದ್ದುಂಟು, ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟೇ, ಹೋದ ಯುಗಾದಿಗೆ, ನಿನಗೇನ ಬರ್ತದಲೇ, ನಾ ಗಿರಣ್ಯಾಗ ಪಟ್ಟಾ ಹಾಕೂಮುಂದ ನೀ ಹುಟ್ಟಿರಲಿಲ್ಲ ಅಂತ, ಅವನು ತಿರುಗಿ ನೋಡದೆ, ಹೌದಪಾ, ಹುಟ್ಟಿರಲಿಲ್ಲ ಅಂದಿದ್ದ, ಬೆನ್ನು ನಗುತ್ತಿತ್ತು, ಬೆನ್ನು ನಗುವುದು ಆಗ ಕಂಡಿರಲಿಲ್ಲ, ಈಗ ಕಾಣುತ್ತದೆ.

ಗುರುತಿಗೆ ಗುರುತು ಕೂಡಿಸಿ, ಬಿಗಿ ಗಾಲಿಯ ಬೋಲ್ಟು ಅರ್ಧ ಸುತ್ತು ಸಡಿಲ ಮಾಡಿ, ಎಡಕ್ಕ ಮೂರು ಹಲ್ಲು, ಅಲ್ಲೇ ಹಿಡದು ನಿಲ್ಲೂದು, ಆಗ ನಾ ಬೋಲ್ಟು ಬಿಗಿ ಮಾಡೂದು, ಹಿಂಗ ಮಾಡ್ತಿದ್ರು ಮಾವಾರ ಅವರು, ಮನೀಷಾ ಗೋಣಿಯ ಮೇಲೆ ಕೂತು ಹೇಳುತ್ತಾಳೆ, ಪಾಠ ಒಪ್ಪಿಸಿದ ಹಾಗೆ, ಪ್ರತಿ ಸಲ ಬೋಲ್ಟು ಬಿಗಿಯುತ್ತಿದ್ದದ್ದು ತಾನೇ, ಅಷ್ಟು ಇಕ್ಕಟ್ಟಿನಲ್ಲಿ ಅವನ ಕೈ ಹಿಡಿಸುತ್ತಿರಲಿಲ್ಲ, ಸೂಜಿ ಚುಚ್ಚೂ ಕೈ ಇದು, ಇಲ್ಲಿ ಹಿಡಸ್ತದ ಅಂತ ಗೇಲಿ ಮಾಡುತ್ತಿದ್ದನಂತೆ. ಬ್ಯಾಡವ್ವಾ, ನಾಳಿ ಮೇಸ್ತ್ರಿ ಬರ್ಲಿ ಅಂದ ಧೂಳಪ್ಪ, ಮೇಸ್ತ್ರಿ ನಾಳೆ ಬಂದು ನಾಡಿದ್ದು ಒಯ್ದು ವಾರ ಬಿಟ್ಟು ಕೊಡುತ್ತಾನೆ, ಆಕೆ ನಾಳೆ ಹೋಗದಿದ್ದರೆ ಆ ಜಾಗಕ್ಕೆ ಬೇರೆಯವಳು ಬಂದು ನಿಲ್ಲುತ್ತಾಳೆ, ನಿನ್ನೆ ಫೋನಿನಲ್ಲಿ ದವಾಖಾನೆಯ ಮುಖ್ಯ ನರ್ಸು, ಆ ದೊಡ್ಡಬಾಯಿ, ಹೇಳಿದ್ದು ಅಂಗಳಕ್ಕೆಲ್ಲ ಕೇಳಿತ್ತು, ಆಕೆಗೂ ಗೊತ್ತು, ಆದರೂ ಹೂಂ ಅನ್ನುತ್ತಾಳೆ, ಹೂಂ ಮಾವಾರ, ನೀವು ಹೆಂಗ ಅಂತೀರಿ ಹಂಗ, ಆ ಹೂಂ ಎನ್ನುವುದೇ ಸುಡುತ್ತದೆ, ನಿನ್ನೆ ಈ ಕೂಸನ್ನು ಸಡಿಲ ಪಟ್ಟಾದ ಮೇಲೆ ನಾಕಾದವರೆಗೆ ಕಳಿಸಿದೆ, ದೇವರ ಹೆಸರು ಹೇಳಿ ಕಳಿಸಿದೆ, ಬಲಕ್ಕೆ ಸುತ್ತಿ ಪುಣ್ಯ ಬಂತೆಂದು ಕಳಿಸಿದೆ, ಇನ್ನೊಂದು ಹರದಾರಿ ಹೋಗಿದ್ದರೆ – ನಿಂತಲ್ಲೇ, ಕಬ್ಬಿನ ಟ್ರ್ಯಾಕ್ಟರು, ಮತ್ತೆ ಹೊಳೆಯ ದಂಡೆ, ಮತ್ತೆ ಕಟ್ಟಿಗೆ, ಆ ಕೊಡ ಯಾರು ಹೊರಬೇಕಿತ್ತು. ಆದರೆ ಕೈ ಎಡಕ್ಕೆ ಹೋಗುವುದಿಲ್ಲ, ಎಡಕ್ಕ ತಿರುಗಿಸಿದ್ರ ಬೋಲ್ಟು ಬಿಚ್ಚತದ ಅಂದ, ಅದೊಂದು ನೆಪ, ಪ್ಲಗ್ಗು ತಗದೀರಿ, ಹಗುರಾಗೇದ, ಆ ಬೋಲ್ಟು ಭಾಳ ಬಿಗಿ ಅದರಿ, ಬಿಚ್ಚೂದಿಲ್ಲ ಅಂತಿದ್ರು ಎಂದಳು ಮೆಲ್ಲಗೆ, ನೆಪವೂ ಹೋಯಿತು.

ಆಗ ಕಟ್ಟೆಯ ಮೇಲಿಂದ ಸುಗಲಾಬಾಯಿ, ಇಷ್ಟೂ ಕೇಳಿಸಿಕೊಂಡವಳು, ಮೊರ ಕೆಳಗಿಟ್ಟು, ಏನ್ರಿ, ಹಳೀ ಮನ್ಯಾಗ ಬೀಸೂಕಲ್ಲ ನಾ ಯಾವ ಕಡೀ ತಿರುಗಸ್ತಿದ್ದೆ ಹೇಳ್ರಿ ನೋಡೂಣು ಅಂದಳು. ಧೂಳಪ್ಪ ತಲೆ ಎತ್ತಿದ, ಬೀಸುವಕಲ್ಲು, ಬೆಳಗಿನ ಜಾವದ ಗರಗರ, ಜೋಳದ ಹಿಟ್ಟಿನ ವಾಸನೆ, ಆಕೆಯ ಬಳೆ, ಬಳೆಯ ಸದ್ದು ನೆನಪಿದೆ, ಹಾಡು ನೆನಪಿದೆ, ಯಾವ ಕಡೆ ಎಂಬುದು – ಆಕೆಯೇ ಅಂದಳು, ಬಲಗೈ ಸೋತರ ಎಡಗೈಲೆ, ಎಡಗೈ ಸೋತರ ಬಲಗೈಲೆ, ಬಲಕ್ಕೂ ತಿರುಗಿಸೀನಿ, ಎಡಕ್ಕೂ ತಿರುಗಿಸೀನಿ, ನನ್ನ ಮಗ ಎರಡೂ ಹಿಟ್ಟಿನ ರೊಟ್ಟಿ ತಿಂದು ಬೆಳದಾನ, ನೀವೂ ತಿಂದೀರಿ, ಎಂದಾದ್ರೂ ಒಂದಿನ ಕೇಳೀರೇನು, ಮತ್ತೆ ಮೊರ ಎತ್ತಿಕೊಂಡಳು, ಆಕಿ ನಾಳಿ ಹೋಗ್ಬೇಕು, ಕೂತೀರಲ್ಲ. ತಿಂದಿದ್ದಾನೆ, ಹೌದು, ಎಷ್ಟು ರೊಟ್ಟಿ, ಯಾವ ದಿಕ್ಕು ಎಂದು ಕೇಳದೆ ತಿಂದಿದ್ದಾನೆ, ಹೆಂಡತಿ ಆಯುಷ್ಯವೆಲ್ಲ ಎಡಕ್ಕೂ ಬಲಕ್ಕೂ ಸುತ್ತಿಸಿದ್ದಾಳೆ, ಮನೆಯಲ್ಲಿ ಯಾರೂ ಅದರಿಂದ ಸಾಯಲಿಲ್ಲ, ಮಗ ಸತ್ತದ್ದು – ಮಗ ಸತ್ತದ್ದು ಸುತ್ತಿನಿಂದ ಅಲ್ಲ, ಸುತ್ತು ಆಮೇಲೆ ಬಂದದ್ದು, ಇಷ್ಟು ಸಣ್ಣ ಮಾತು, ಇಷ್ಟು ದಿನ ಎದೆ ಇದನ್ನು ತಲೆಕೆಳಗಾಗಿ ಹಿಡಿದಿತ್ತೆ.

ಮೊದಲ ಸುತ್ತುಗಳನ್ನು ಮನೀಷಾಳೇ ತಿರುಗಿಸಿದಳು, ಎರಡೂ ಕೈಯಿಂದ ಪಾನಾ ಹಿಡಿದು, ಎಡಕ್ಕೆ, ಪಟ್ಟಾ ಹಲ್ಲಿಗೆ ಹಲ್ಲು ಕೂತು ಬರಲಿ ಎಂದು, ಬಳೆಯಿಲ್ಲದ ಕೈ, ಧೂಳಪ್ಪ ಗುರುತು ನೋಡುತ್ತಿದ್ದ, ಹಳದಿ ಬಾಣ ತನ್ನ ಮುಖ ಇದ್ದ ಕಡೆಗೇ ಹೋಗುತ್ತಿತ್ತು, ಎಷ್ಟು ಸಹಜವಾಗಿ, ಹೊಳೆ ಹರಿದ ಹಾಗೆ, ಕಣ್ಣು ಮುಚ್ಚಿಕೊಳ್ಳಬೇಕು ಎನಿಸಿತು, ಮುಚ್ಚಲಿಲ್ಲ, ಗುರುತು ಕೂಡಿತು, ನಿಂತಳು, ಸರಿದು ಗಾಲಿ ಬಿಚ್ಚಿದ ಸಂದಿಯಲ್ಲಿ ಮಲಗಿ ಕೈ ಒಳಗೆ ಹಾಕಿದಳು, ಬೋಲ್ಟಿಗೆ ಸಣ್ಣ ಪಾನಾ ಕೂಡಿಸಿ ಸಡಿಲ ಮಾಡಿದಳು, ಸ್ಪ್ರಿಂಗು ಕಿರ್ ಎಂದಿತು, ಇನ್ನು ನೀವು ಮಾವಾರ, ನನಗ ಇಲ್ಲಿಂದ ಎರಡೂ ಆಗೂದಿಲ್ರಿ. ಪಾನಾ ಕೈಗೆ ಬಂತು. ಕಬ್ಬಿಣ ಬಿಸಿಲಿಗೆ ಕಾದಿತ್ತು. ಎಡಕ್ಕ, ಅಣ್ಣಾ, ಎಡಕ್ಕ, ಯಾರೋ ಭುಜ ಹಿಡಿದ ಹಾಗಾಯಿತು, ರೇವಣ್ಣ ಇಲ್ಲಿಲ್ಲ, ರೇವಣ್ಣ ಊರಲ್ಲಿ ಕುರಿಯ ಬೆನ್ನ ಹಿಂದೆ ಇದ್ದಾನೆ, ಆದರೂ ಭುಜದ ಮೇಲೆ ಕೈ ಇದೆ, ಆ ಕೈಯಲ್ಲಿ ಕಲ್ಲಿದೆ, ಎಳೆದ.

ಒಂದು ಹಲ್ಲು. ಟಪ್ – ಸದ್ದು ಎಂಜಿನ್ನಿನದೋ ಕೊಡದ್ದೋ, ಮೊದಲ ತೂತು, ನೀರಿನ ಎಳೆ ಹೆಗಲ ಹಿಂದಿನಿಂದ ಇಳಿಯಿತು, ಕಟ್ಟಿಗೆಯ ಮೇಲೆ ಅವನ ಪಾದ ಕಂಡಿತ್ತು, ಹೆಬ್ಬೆರಳಿನ ಉಗುರಿನಲ್ಲಿ ಕರಿ ಗ್ರೀಸು, ಎಷ್ಟು ತೊಳೆದರೂ ಹೋಗಿರಲಿಲ್ಲ, ಯಾರೋ ಅಂದರು, ಇರ್ಲಿ ಬಿಡ್ರಿ, ಅವನ ಗುರುತು ಅದ. ಎರಡು ಹಲ್ಲು, ಎರಡನೆಯ ತೂತು, ನೀರು ಹೆಚ್ಚಾಯಿತು, ಅಂಗಿ ಇಲ್ಲದ ಬೆನ್ನು, ಬೆನ್ನುಹುರಿಯ ಗುಳಿಯಲ್ಲಿ ಹರಿದು ಧೋತರದ ಗಂಟಿಗೆ ಇಳಿಯಿತು, ಹಿಂದೆ ಹಿಂದೆ ಒಣಮಣ್ಣಿನಲ್ಲಿ ಒದ್ದೆಯ ಗೆರೆ ಬರುತ್ತಿತ್ತಂತೆ, ತಾನು ನೋಡಲಿಲ್ಲ, ನೋಡಬಾರದು, ಅವನು ನೀರು ಕೇಳಿದ್ದ, ಕೇಳಿದಾಗ ಸಿಗದ ನೀರು ಈಗ ಅವನ ಸುತ್ತ ನೆಲದ ಪಾಲಾಗುತ್ತಿದೆ ಎಂದು ಅವತ್ತು ಹೊಳೆದಿತ್ತು, ಹೊಳೆದು ಕಾಲು ತಡವರಿಸಿತ್ತು, ನಡಿ ಅಣ್ಣಾ, ನಡೆದಿದ್ದ, ಈಗ ಪಾನಾ ತಡವರಿಸುತ್ತದೆ, ಪಟ್ಟಾ ಬಿಗಿಯಾಗುತ್ತಿದೆ, ಕೈಗೆ ಗೊತ್ತಾಗುತ್ತದೆ, ಬರೋಬರ ಬದಿಯಲ್ಲಿ, ಬರೋಬರ ಬಿಗಿ, ಅವಿನಾಶನ ಕೈ ಇಲ್ಲಿ ನಿಂತು ಇದನ್ನೇ ಕಂಡಿರಬೇಕು, ಇದೇ ಎಳೆತ, ಇದೇ ಭಾರ, ಬೆನ್ನ ಹಿಂದೆ ಅಪ್ಪ ನಿಂತು ಕುದಿಯುತ್ತಿದ್ದಾಗ. ಮೂರು ಹಲ್ಲು. ನಿಂತಿತು. ಹಿಡಿದು ನಿಲ್ಲಬೇಕು, ಬಿಡಬಾರದು, ಬಿಟ್ಟರೆ ಹಿಂದಕ್ಕೆ ಹೋಗುತ್ತದೆ, ಬಿಗಿ ಮಾಡ್ಲೇನ್ರಿ ಮಾವಾರ, ಕೆಳಗಿನಿಂದ ದನಿ, ಬಿಗಿ ಮಾಡವ್ವಾ ಎನ್ನಬೇಕು, ತುಟಿ ಅಲುಗಿತು, ಬಿಗಿ ಮಾಡವ್ವಾ ಎಂದ, ಎಂದನೋ ಇಲ್ಲವೋ, ಒಳಗೆ ಪಾನಾ ಕಟಕಟ ಕಚ್ಚುವ ಸದ್ದು ಬಂತು, ಹಾಗಾದರೆ ಎಂದಿದ್ದಾನೆ, ಆತ್ರಿ ಮಾವಾರ, ಬಿಡ್ರಿ ಇನ್ನ, ಬಿಡಬಹುದು, ಅಲ್ಲಿಯೂ ಮೂರನೆಯ ಸುತ್ತು ಮುಗಿದ ಮೇಲೆ ಬಿಡು ಅಣ್ಣಾ ಅಂದಿದ್ದರು, ಕೊಡವನ್ನು ಬೆನ್ನ ಹಿಂದಕ್ಕೆ ಬಿಡಬೇಕು, ತಿರುಗಿ ನೋಡದೆ ಹೋಗಬೇಕು, ಬಿಟ್ಟಿದ್ದ, ಒಡೆದ ಸದ್ದು ಕೇಳಿತ್ತು, ಹಾಗಾದರೆ ಕೊಡ ಒಡೆದಿದೆ, ಅದರಲ್ಲಿ ಏನೂ ಉಳಿದಿಲ್ಲ, ಮತ್ತೆ ಈ ನೀರು ಎಲ್ಲಿಂದ, ಮಾವಾರ, ಬಿಡ್ರಿ, ಆತು, ಬಿಗಿ ಆಗೇದ, ಕೈ ಪಾನಾವನ್ನು ಬಿಡುತ್ತಿಲ್ಲ, ಬಿಸಿಲು ನೆತ್ತಿಯ ಮೇಲೆ, ಬೆನ್ನ ಮೇಲೆ, ಅಂಗಿಯ ಒಳಗೆ, ಬೆನ್ನುಹುರಿಯ ಗುಳಿಯಲ್ಲಿ, ಬೆವರೋ ಕೊಡದ್ದೋ, ನೀರಿನ ಎಳೆ, ತಣ್ಣಗೆ, ಇಳಿಯುತ್ತ, ನೀರಿನ ಎಳೆ